ಮೂಲೆಯಲ್ಲಿ ತೊಳೆದಿಟ್ಟ ತಾಟು

ದೆವ್ವ, ಗಾಳಿ, ಸೂಚನೆ ಎಂದರೆ ನನಗೆ ಮೊದಲಿನಿಂದಲೂ ನಗು. ಹಾನಗಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟವಳು ನಾನು. ಅಳತೆ ಕೊಡಲು ಬರುವ ಹೆಂಗಸರು ಹೇಳದ ಕಥೆಯಿಲ್ಲ. ಒಬ್ಬಳ ಕನಸಿನಲ್ಲಿ ಸತ್ತ ಅತ್ತೆ ಬಂದು ಸೀರೆ ಕೇಳುತ್ತಾಳೆ, ಇನ್ನೊಬ್ಬಳನ್ನು ಹುಣಸೆ ಮರದ ಕೆಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ. "ಅತ್ತಿಗೆ ಸೀರಿ ನೀ ಕೊಡ ಬೇ, ಬ್ಲೌಸ್ ನಾ ಹೊಲದ ಕೊಡ್ತೇನಿ" ಎಂದು ಚೇಷ್ಟೆ ಮಾಡಿ ಕಳಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೂ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಲೇ ಇದ್ದೆ.

ನನ್ನ ತಮ್ಮ ಬಸವರಾಜ ನಮ್ಮ ತವರೂರು ಹತ್ತಿಮತ್ತೂರಿನಲ್ಲಿ ಹೊಲ ನೋಡಿಕೊಂಡಿದ್ದ. ಮದುವೆಯಾಗಿ ಮೂರು ವರ್ಷಕ್ಕೆ, ಒಂದು ಮಳೆಗಾಲದ ಬೆಳಿಗ್ಗೆ ಸವಣೂರಿಗೆ ಹೋಗಿ ಬರುತ್ತೇನೆಂದು ಹೊರಟವನು ಮರಳಿ ಬರಲಿಲ್ಲ. ವರದಾ ಹೊಳೆಯ ಸೇತುವೆ ಹತ್ತಿರ ಅವನ ಬೈಕು ಸಿಕ್ಕಿತು. ಹೊಳೆ ತುಂಬಿ ಹರಿಯುತ್ತಿತ್ತು. ದೇಹ ಸಿಗಲಿಲ್ಲ. ಅವನ ಹೆಂಡತಿ ಗಿರಿಜಾ ತಾಳಿ ತೆಗೆಯಲೂ ಆಗದೆ, ಕಟ್ಟಿಕೊಂಡು ಬಾಳಲೂ ಆಗದೆ ಎಂಟು ವರ್ಷ ಕಳೆದಳು. ಅವಳಿಗೆ ತವರಿನಲ್ಲಿ ಯಾರೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. "ಇನ್ನ ಸಾಕವ್ವ, ಅಂವ ಬರಂಗಿಲ್ಲ" ಎಂದು ಮೊದಲು ಅವಳಿಗೆ ಹೇಳಿದವಳು ನಾನೇ. ಒಡಹುಟ್ಟಿದವನು ಸತ್ತ ಎಂದು ನನ್ನ ಬಾಯಿಂದಲೇ ಹೇಳುವುದು ಸುಲಭವಿರಲಿಲ್ಲ. ಆದರೆ ಅವಳಿಗಿನ್ನೂ ಮೂವತ್ಮೂರು ವರ್ಷ. ಜೀವಮಾನವೆಲ್ಲ ಬಾಗಿಲು ನೋಡುತ್ತ ಕೂರು ಎಂದು ಹೇಳುವ ಹಕ್ಕು ನಮಗೆ ಯಾರು ಕೊಟ್ಟಿದ್ದರು?

ಮಾಸೂರಿನ ಶಿವಾನಂದ ಎಂಬವರ ಕಡೆಯಿಂದ ಸಂಬಂಧ ಬಂತು. ಹೆಂಡತಿ ತೀರಿಕೊಂಡವರು, ಮಾತು ಕಡಿಮೆ, ಗುಣದಲ್ಲಿ ಬಂಗಾರ. ಒಮ್ಮೆ ಇಬ್ಬರೂ ಎದುರುಬದರು ಕೂತು ಮಾತಾಡಲಿ ಎಂದು ನನ್ನ ಆಸೆ. ಮನೆಗೆ ಕರೆದರೆ ಊರ ಬಾಯಿಗೆ ಬೀಳಬೇಕು. ಆಗಷ್ಟೇ ಶಿಗ್ಗಾವಿ ಹತ್ತಿರ ಹೈವೇ ಪಕ್ಕ ಮೊರಾಕ್ಕೊ ಊಟದ ಹೋಟೆಲೊಂದು ಶುರುವಾಗಿತ್ತು. ಗಲ್ಫಿನಲ್ಲಿ ಅಡಿಗೆ ಕೆಲಸ ಮಾಡಿ ಬಂದ ಸವಣೂರಿನವರೊಬ್ಬರದು. "ನಮ್ಮ ಪೈಕಿ ಯಾರೂ ಅಲ್ಲಿ ಕಾಲ ಇಡೂದಿಲ್ಲ, ಅಲ್ಲೇ ಹೋಗೂಣು" ಎಂದರು ನಮ್ಮನೆಯವರು. ಮಾಂಸದ್ದು ಬಿಟ್ಟು ಕಾಯಿಪಲ್ಯೆದ ಅಡಿಗೆಮನೆಯೇ ಬೇರೆ ಇದೆಯೇ ಎಂದು ಎರಡು ಸಲ ಫೋನ್ ಮಾಡಿ ಕೇಳಿದ ಮೇಲೆಯೇ ನಾನು ಒಪ್ಪಿದ್ದು.

ಸಂಜೆ ಏಳಕ್ಕೆ ನಾವು ನಾಲ್ವರು ಅಲ್ಲಿ ಕುಳಿತಿದ್ದೆವು. ಒಳಗೆಲ್ಲ ಡೇರೆಯಂತೆ ಬಟ್ಟೆ ಇಳಿಬಿಟ್ಟಿದ್ದರು. ತೂತು ತೂತಿನ ಹಿತ್ತಾಳೆ ದೀಪಗಳು, ಗಿಡ್ಡ ಟೇಬಲ್ಲು, ಸುತ್ತ ಗಾದಿ. ನನ್ನ ಮೊಣಕಾಲು ಮಡಿಸಿ ಕೂರುವಷ್ಟರಲ್ಲಿ ಶಿವ ಶಿವ ಎಂದಾಯಿತು. ಉದ್ದ ಕೊಕ್ಕಿನ ಹೂಜಿಯಿಂದ ಕೈಗೆ ನೀರು ಹಾಕಿದರು. ಆಮೇಲೆ ಒಂದೇ ದೊಡ್ಡ ಹರಿವಾಣ ಬಂತು, ಮೇಲೆ ಕೂಸಿನ ಕುಲಾವಿಯಂಥ ಮಣ್ಣಿನ ಮುಚ್ಚಳ. ತೆಗೆದರೆ ಗೋಧಿ ನುಚ್ಚಿನಂಥದ್ದು, ಸುತ್ತ ಬೇಯಿಸಿದ ಕುಂಬಳಕಾಯಿ, ಗಜ್ಜರಿ, ಕಡಲೆ. ಎಲ್ಲರೂ ಅದರಲ್ಲೇ ಕೈಯಿಟ್ಟು ಉಣ್ಣಬೇಕಂತೆ.

"ಇದು ನಮ್ಮ ಭೂಮದ ಊಟ ಇದ್ದಂಗ ಐತಲ್ರಿ" ಎಂದುಬಿಟ್ಟರು ಶಿವಾನಂದ. ಅಂದ ಮೇಲೆ ಅವರ ಮುಖ ಕೆಂಪಾಯಿತು. ನಮ್ಮ ಕಡೆ ಮದುವೆಯಲ್ಲಿ ಗಂಡು ಹೆಣ್ಣು ಒಂದೇ ಹರಿವಾಣದಲ್ಲಿ ಉಣ್ಣುವುದಕ್ಕೆ ಭೂಮ ಎನ್ನುತ್ತಾರೆ. ಗಿರಿಜಾ ತಲೆ ತಗ್ಗಿಸಿಕೊಂಡೇ ನಕ್ಕಳು. ಎಂಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕೆಲಸ ಆಯಿತು ಎಂದು ಒಳಗೊಳಗೇ ಹಿಗ್ಗಿದೆ.

ಅಷ್ಟರಲ್ಲಿ ಆಟ ಶುರುವಾಯಿತು. ಉದ್ದ ನಿಲುವಂಗಿ, ಕೆಂಪು ಟೊಪ್ಪಿಗೆಯ ಗಂಡಸೊಬ್ಬ ನಮ್ಮ ಹೋಳಿ ಹಲಗೆಯಂಥ ಅಗಲವಾದ ಚರ್ಮವಾದ್ಯ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಬರುತ್ತಿದ್ದ. ಉಣ್ಣುವವರು ಟೇಬಲ್ಲಿನ ಮೇಲೆ ಬೆರಳಿನಿಂದ ಒಂದು ತಾಳ ಬಡಿದು ತೋರಿಸಬೇಕು. ಅವನು ಕಿವಿಗೊಟ್ಟು ಕೇಳಿ, ವೇದಿಕೆಗೆ ಹೋಗಿ ಅದನ್ನೇ ನುಡಿಸುವನು. ಶಿವಾನಂದ ನಾಚಿಕೊಂಡು ಎರಡು ಪೆಟ್ಟು ಬಡಿದರು. ಅದನ್ನು ನುಡಿಸಿ ಬಂದು, ಆತ ನಮ್ಮನ್ನು ದಾಟಿ ಕಂಬದ ಹಿಂದಿನ ಮೂಲೆಗೆ ಹೋದ. ಮತ್ತೆ ವೇದಿಕೆ ಹತ್ತಿ ಬಾರಿಸತೊಡಗಿದ.

ಮೂರು ಪೆಟ್ಟು ಸರಿಯಾಗಿ ಬಿದ್ದು, ನಾಲ್ಕನೆಯದು ತಪ್ಪಿ, ಅದನ್ನು ಮುಚ್ಚಲು ಗಡಿಬಿಡಿಯಲ್ಲಿ ಇನ್ನೆರಡು. ಹೋಳಿ ಹುಣ್ಣಿಮೆಗೆ ನಮ್ಮ ಓಣಿಯಲ್ಲಿ ಹೀಗೆ ಹಲಗೆ ಬಾರಿಸುತ್ತಿದ್ದವನು ಒಬ್ಬನೇ. ಗೋವಿನಜೋಳದ ಮಷಿನ್ನಿಗೆ ಸಿಕ್ಕಿ ಬಸವರಾಜನ ತೋರುಬೆರಳಿನ ತುದಿ ಹೋಗಿತ್ತು, ಹಾಗಾಗಿ ಆ ನಾಲ್ಕನೆಯ ಪೆಟ್ಟು ಬೀಳುತ್ತಿರಲಿಲ್ಲ. ಗೆಳೆಯರು ಅದಕ್ಕೆ ಕುಂಟ ಬಡಿತ ಎಂದು ಹೆಸರಿಟ್ಟಿದ್ದರು.

ಗಿರಿಜಾಳ ಕೈ ತುತ್ತು ಹಿಡಿದಲ್ಲೇ ನಿಂತಿತ್ತು. "ಯಾಕ್ರಿ, ಖಾರ ಹತ್ತೇನು?" ಎಂದು ಶಿವಾನಂದ ಕೇಳಿದರು. "ಹೌದ್ರಿ" ಎಂದಳು. ಆ ಊಟದಲ್ಲಿ ಖಾರವೆಂಬುದೇ ಇರಲಿಲ್ಲ. ಕೈ ತೊಳೆಯುವ ನೆವ ಹೇಳಿ ನಾನು ಎದ್ದೆ.

ವೇದಿಕೆ ಇಳಿಯುತ್ತಿದ್ದವನನ್ನು ಅಡ್ಡಗಟ್ಟಿದೆ. ಯಾವ ಭಾಷೆಯಲ್ಲಿ ಕೇಳಲಿ ಎಂದು ತಡವರಿಸಿದರೆ ಅವನೇ "ಏನ್ ಬೇಕಾಗಿತ್ರಿ, ಅಕ್ಕಾರ?" ಎಂದ. ಹುಬ್ಬಳ್ಳಿಯವನಂತೆ! ಅವನ ಹತ್ತೂ ಬೆರಳು ನೆಟ್ಟಗಿದ್ದವು.

"ಈ ಬಡಿತ ಯಾರ ಕಲಿಸಿದ್ರಪಾ ನಿನಗ?"

"ಕಲಿಸೂದೇನ್ರಿ, ಈಗ ಆ ಮೂಲ್ಯಾಗ ಕುಂತಾರಲ್ಲ, ಅವರ ಬಡದ ತೋರಿಸಿದ್ರು. ನಾಕನೇದ್ದ ಯಾಕ ಬಿಟ್ರಿ ಅಂದ್ನಿ. ಸುಮ್ಮನ ನಕ್ಕರು."

ಕಂಬದ ಹಿಂದೆ ಹೋದೆ. ಗಾದಿ ಖಾಲಿ. ಟೇಬಲ್ಲಿನ ಮೇಲೆ ಒಂದೇ ತಾಟು, ಬೋರಲು ಹಾಕಿದ ಗ್ಲಾಸು. ತಾಟು ಹಸಿಯಾಗಿತ್ತು. ಅಂಚಿನ ಸುತ್ತ ಬೆರಳಾಡಿಸಿ ಒಂದಗುಳೂ ಬಿಡದೆ ತೊಳೆದು ಕುಡಿದಿದ್ದರು. ನಮ್ಮವ್ವ ಪ್ರಸಾದ ಕೆಡಿಸಬಾರದೆಂದು ನಮಗಿಬ್ಬರಿಗೂ ಕಲಿಸಿದ್ದು ಅದನ್ನೇ: ಉಂಡ ಮೇಲೆ ತಾಟಿಗೆ ನೀರು ಹಾಕಿ, ತೊಳೆದು ಕುಡಿಯುವುದು. ಮೊರಾಕ್ಕೊ ಹೋಟೆಲಿನಲ್ಲಿ ಯಾರು ಹಾಗೆ ಮಾಡುತ್ತಾರೆ?

ಅಲ್ಲೇ ಹೋಗುತ್ತಿದ್ದ ಸಪ್ಲಾಯರನನ್ನು ಕೇಳಿದೆ. "ಆ ಟೇಬಲ್ಲಿಗೆ ಇವತ್ತ ಯಾರನ್ನೂ ಕುಂದರಿಸಿಲ್ರಿ. ಮ್ಯಾಲಿಂದ ಏಸಿ ನೀರ ತಟಕ್ತೈತಿ" ಎಂದ. ಏಸಿ ನೀರು ತಾಟಿಗೆ ಬೀಳಬಹುದು, ಒಪ್ಪಿದೆ. ಅಂಚಿನ ಸುತ್ತ ಬೆರಳಾಡಿಸುತ್ತದೆಯೇ? ಬಾಗಿಲ ಕಡೆ ಓಡಿ ನೋಡಿದೆ. ಹೈವೇ ಮೇಲೆ ಲಾರಿಗಳು ಹೋಗುತ್ತಿದ್ದವು, ಅಷ್ಟೇ.

ತಿರುಗಿ ನಮ್ಮ ಟೇಬಲ್ಲಿಗೆ ಬರುವ ಆ ಇಪ್ಪತ್ತು ಹೆಜ್ಜೆಯಲ್ಲಿ ಎರಡೂ ಕಡೆ ತೂಗಿ ನೋಡಿದೆ. ಹೇಳಿದರೆ ಗಿರಿಜಾ ಮತ್ತೆ ಹತ್ತಿಮತ್ತೂರಿನ ಮನೆಯ ಕಟ್ಟೆಯ ಮೇಲೆ ದಾರಿ ನೋಡುತ್ತ ಕೂರುವವಳು, ಈ ಸಲ ಸಾಯುವ ತನಕ. ಹೇಳದಿದ್ದರೆ, ಅವನು ಬದುಕಿದ್ದರೆ? ನನ್ನ ತಮ್ಮ ಅವನು. ಅವನಿಗೆ ದ್ರೋಹ ಮಾಡಲೋ, ಅವಳಿಗೋ? ಕುಳಿತೆ. "ಊಟ ಆರಾಕತ್ತೈತಿ, ಉಣ್ರಿ ಎಲ್ಲಾರೂ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಮೂರನೆಯ ದಿನ ಒಬ್ಬಳೇ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಕಿವಿಯ ಬೆಂಡೋಲೆ ಕಳೆದಿದೆ ಎಂದು ಸುಳ್ಳು ಹೇಳಿ ಅವತ್ತಿನ ಕ್ಯಾಮೆರಾ ರೆಕಾರ್ಡಿಂಗ್ ಹಾಕಿಸಿ ನೋಡಿದೆ. ಮೂಲೆಯ ಟೇಬಲ್ಲಿಗೆ ಕಂಬ ಅಡ್ಡ ಬಂದಿತ್ತು, ಗಾದಿ ಮಾತ್ರ ಪೂರ್ತಿ ಕಾಣುತ್ತಿತ್ತು. ನಾವು ಒಳಗೆ ಬಂದಾಗಿನಿಂದ ಎದ್ದು ಹೋಗುವ ತನಕ ಅದರ ಮೇಲೆ ಯಾರೂ ಕೂತಿಲ್ಲ. ನಡುವೆ ಆ ಹುಬ್ಬಳ್ಳಿಯವನು ಬಂದು, ಖಾಲಿ ಗಾದಿಯ ಕಡೆ ಬಗ್ಗಿ ಕಿವಿಗೊಡುತ್ತಾನೆ. ಏನೋ ಕೇಳುತ್ತಾನೆ. ತಾನೂ ನಕ್ಕು ತಲೆಯಾಡಿಸಿ ಹೋಗುತ್ತಾನೆ. ಮೂರು ಸಲ ತಿರುಗಿಸಿ ನೋಡಿದೆ. ಹೋಟೆಲಿನವರು ಪಾಪ, ಬೆಂಡೋಲೆ ಹುಡುಕುತ್ತಲೇ ಇದ್ದರು.

ಮದುವೆ ಆಯಿತು. ಗಿರಿಜಾ ಮಾಸೂರಿನಲ್ಲಿ ಚೆನ್ನಾಗಿದ್ದಾಳೆ. ನಮ್ಮನೆಯೇ ಅವಳ ತವರು, ಪಂಚಮಿಗೆ ಇಲ್ಲಿಗೇ ಬರುತ್ತಾಳೆ. ಹೋದ ವರ್ಷ ಇಬ್ಬರೇ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದೆವು. ಆವರೆಗೆ ಆ ಸಂಜೆಯ ಮಾತನ್ನು ಅವಳೂ ತೆಗೆದಿರಲಿಲ್ಲ, ನಾನೂ ತೆಗೆದಿರಲಿಲ್ಲ.

"ಅಕ್ಕಾರ, ಅವತ್ತ ನೀವು ಎದ್ದ ಮೂಲಿಗೆ ಹೋದಾಗ ನಾ ಕಣ್ಣ ಮುಚ್ಚಿಕೊಂಡ ಕುಂತಿದ್ನಿ" ಎಂದಳು. "ತಿರುಗಿ ನೋಡಿದ್ರ ಎದ್ದ ಅವರ ಹಿಂದ ಹೋಗಬೇಕಾಗ್ತಿತ್ತು."

ನನ್ನ ಕೈಯಲ್ಲಿನ ಉಂಡಿ ಒಡೆಯಿತು. ಅವಳು ತಲೆ ಎತ್ತಲಿಲ್ಲ. ಇನ್ನೊಂದು ಉಂಡಿ ಕಟ್ಟಿಟ್ಟು ಮೆಲ್ಲಗೆ ಕೇಳಿದಳು: "ಅವರು ಉಂಡಿದ್ರೇನ್ರಿ?"

"ಹೊಟ್ಟಿ ತುಂಬ ಉಂಡಿದ್ದವ್ವ" ಎಂದೆ.

ಅಲ್ಲಿ ಯಾರಿದ್ದರು, ಇದ್ದರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಆದರೆ ಅವಳಿಗೆ ಆ ಮಾತು ಹೇಳುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ.