ಚಿಲಕದ ಆಚೆ ನಿಂತ ಜೋಂಬಿ

ಅಂದು ಟಿವಿಯಲ್ಲಿ ನಾನು ನೋಡುತ್ತಿದ್ದ ಚಿತ್ರದ ಆ ಗಂಡ ಬಾಗಿಲನ್ನು ಅಂಗೈಯಿಂದ ಬಡಿದನೋ ಹಣೆಯಿಂದಲೋ, ನನಗೀಗ ಖಾತ್ರಿಯಿಲ್ಲ. ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು. ಸತ್ತು ಜೋಂಬಿಯಾಗಿ ಮನೆಗೆ ಬಂದವನನ್ನು ಕಂಡು ಹೆಂಡತಿ ಒಳಗಿನಿಂದ ಚಿಲಕ ಹಾಕಿದ್ದು ಮಾತ್ರ ಖಂಡಿತ.

ಆ ಹೊತ್ತಿಗೆ, ಕಾಖಂಡಕಿಯಿಂದ ಇಬ್ರಾಹಿಂಪುರದ ನಮ್ಮ ಮನೆಗೆ ಬಂದಿದ್ದ ಚಿಗವ್ವ ನನ್ನ ಪಕ್ಕ ಬಂದು ಕೂತಳು. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಅವಳಿಗೆ ನೋವಾದೀತೆಂದು ಗಾಬರಿಯಾಗಿ, ಇದೆಲ್ಲ ಬರೀ ತಂತ್ರ ಎಂದು ವಿವರಿಸತೊಡಗಿದೆ. ಸಂಗೀತ ನಿಲ್ಲಿಸಿ ಕಾಲೆಳೆಯುವ ಸದ್ದಷ್ಟೇ ಕೇಳಿಸುತ್ತಾರೆ, ಬೂದು ಬೆಳಕಿನಲ್ಲಿ ಮುಖ ಮರೆಸುತ್ತಾರೆ; ಭಯ ಹೊಕ್ಕರೆ ನಮ್ಮವರೂ ಪರಕೀಯರಾಗುತ್ತಾರೆ ಎನ್ನುವುದೇ ಸಂದೇಶ ಎಂದೆ.

ಚಿಗವ್ವ ನಕ್ಕುಬಿಟ್ಟಳು. "ಎಂಥಾ ಮಂದಿನ ಯವ್ವಾ ಇವರು! ಹಿರೇರ ಹಬ್ಬಕ್ಕ ನಾವು ಹೋಳಿಗಿ ಎಡಿ ಇಟ್ಟು, ಬಂದು ಉಂಡು ಹೋಗ್ರಿ ಅಂತ ಸತ್ತವರನ್ನ ಕರಿತೀವಿ. ಇಕಿ ನೋಡಿದ್ರ, ತಾನಾಗೇ ಬಂದವ್ನ ಮುಂದ ಚಿಲಕ ಹಾಕ್ಯಾಳ. ಹಸದಾನ ಅಂವ! ಒಂದ್ ರೊಟ್ಟಿ ಕೊಟ್ಟಿದ್ರ ಯಾಕ ಕಚ್ಚತಿದ್ದ?"

ನನಗೂ ನಗು ತಡೆಯಲಾಗಲಿಲ್ಲ. ಚುರುಮುರಿ ತಿನ್ನುತ್ತ ಉಳಿದ ಚಿತ್ರವನ್ನು ಇಬ್ಬರೂ ನೋಡಿದೆವು. ಆಮೇಲೆ ತೆರೆಯ ಮೇಲೆ ಯಾವ ಜೋಂಬಿ ಬಂದರೂ ನನಗೆ ಹಸಿದ ನೆಂಟನಂತೆಯೇ ಕಂಡಿತು.

ಈ ಸಲ ಹಿರಿಯರ ಹಬ್ಬಕ್ಕೆ ಕಾಕಾನ ಹೆಸರಿನಲ್ಲೂ ಎಡೆ ಇಡಬೇಕು. ಚಿಗವ್ವನನ್ನು ಊರಿನ ಬಸ್ಸು ಹತ್ತಿಸಿ, ಕಿಟಕಿಯಿಂದ ಕೈಬೀಸುತ್ತಿದ್ದವಳನ್ನು ಕೇಳಿದೆ: "ಚಿಗವ್ವಾ, ಕಾಕಾ ಖರೇನ ಬಂದು ಬಾಗಿಲಾ ಬಡದ್ರ, ಮೊದಲ ಉಣ್ಣಾಕ ನೀಡ್ತಿಯೋ, ಇಷ್ಟ ದಿನಾ ಎಲ್ಲಿ ಹೋಗಿದ್ದಿ ಅಂತ ಬೈತಿಯೋ?"