ಉತ್ತಮ ಎಂದು ಬರೆಸಿಕೊಂಡ ಬೀದಿ

ಕೊಪ್ಪದಲ್ಲಿ ಆಗ ಜೀಪು ಓಡಿಸುವವರು ಹತ್ತು ಜನ ಇದ್ದಿರಬಹುದು. ಅಸಾದುಲ್ಲಾನ ಹಾಗೆ ಓಡಿಸುವವನು ಒಬ್ಬನೇ. ತುಂಬಿದ ಮಜ್ಜಿಗೆ ಲೋಟ ಹಿಡಿದು ಅವನ ಪಕ್ಕ ಕೂತರೂ ಶೃಂಗೇರಿ ಮುಟ್ಟುವವರೆಗೆ ತುಳುಕುವುದಿಲ್ಲ ಎನ್ನುತ್ತಿದ್ದರು. ಸ್ವಲ್ಪ ಉಪ್ಪುಖಾರ ಸೇರಿದ ಮಾತೇ, ಇರಲಿ. ಅದು ಕಿವಿಗೆ ಬಿದ್ದಾಗ ಅವನು ಬೀಡಿಯನ್ನು ಬಾಯಿಯ ಆಚೆ ಮೂಲೆಗೆ ಸರಿಸಿ ನಗುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ?

ಅವನ ಅಪ್ಪ ಮೇಗುಂದದಿಂದ ಅಡಿಕೆ ಮೂಟೆ ತರುತ್ತಿದ್ದ ಗಾಡಿಯವನು. ಮಗ ಲಾರಿ ಕ್ಲೀನರ್ ಆಗಿ, ಸ್ಟೀರಿಂಗ್ ಕಲಿತು, ಅರವತ್ತೆಂಟರಲ್ಲಿ ಬೀದಿ ರಸ್ತೆಗಳನ್ನು ನೋಡಿಕೊಳ್ಳುವ ಒಂದು ಆಫೀಸಿಗೆ ಡ್ರೈವರಾಗಿ ಸೇರಿದ. ಯಾವ ಆಫೀಸು ಎಂದು ಕೇಳಬೇಡಿ. ಹೆಸರು ಹೇಳಿದರೆ ಇವತ್ತಿಗೂ ಯಾರಿಗಾದರೂ ಉರಿದೀತು.

ಎಪ್ಪತ್ತೆಂಟರಲ್ಲಿ ಆ ಆಫೀಸಿಗೆ ಹೊಸ ಆರ್ಡರ್ ಬಂತು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದೊಂದು ಬೀದಿಯನ್ನೂ ನಡೆದು ನೋಡಬೇಕು, ಹೊಂಡಗಳನ್ನು ಟೇಪು ಹಿಡಿದು ಅಳೆಯಬೇಕು, ಆಮೇಲೆ ರಿಜಿಸ್ಟರಿನಲ್ಲಿ ಉತ್ತಮ, ಮಧ್ಯಮ, ಕೆಟ್ಟದ್ದು ಎಂದು ಬರೆಯಬೇಕು. ಕೆಟ್ಟದ್ದು ಎಂದಾದ ಬೀದಿಗೆ ಮುಂದಿನ ಮಳೆಗೆ ಮೊದಲು ಡಾಂಬರು. ಕಾಗದದ ಮೇಲೆ ಎಷ್ಟು ಚಂದ! ಆದರೆ ನಡೆಯುವವರು ಯಾರು? ಇಂಜಿನಿಯರ್ ಕಲ್ಲೇಶಪ್ಪನವರು ಬಯಲುಸೀಮೆಯವರು. ಬಿಳಿ ಟೆರಿಲಿನ್ ಶರ್ಟು, ಮಿರಮಿರ ಮಿಂಚುವ ಬೂಟು. ಅವರು ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲೇ ಕೂರುತ್ತಿದ್ದರು. ಬರೆಯುವಾಗ ಪೆನ್ನು ಅಲುಗಿದರೆ ರಸ್ತೆ ಕೆಟ್ಟದ್ದು, ಅಲುಗದಿದ್ದರೆ ಉತ್ತಮ. ಅವರ ಟೇಪು ಅದೇ.

ಸಾಹೇಬರ ಪೆನ್ನು ಅಲುಗದ ಹಾಗೆ ಓಡಿಸುವುದೇ ಅಸಾದುಲ್ಲಾನಿಗೆ ದೊಡ್ಡ ಹೆಮ್ಮೆ. ಅವನ ಸ್ವಂತ ಮನೆ ಇದ್ದ ಹಂಚಿನಂಗಡಿ ಬೀದಿಯಲ್ಲಿ ಇಪ್ಪತ್ತಮೂರು ಹೊಂಡ. ಎಲ್ಲಿ ಎಡಚಕ್ರವನ್ನು ಚರಂಡಿಯ ಅಂಚಿಗೆ ತರಬೇಕು, ಎಲ್ಲಿ ಬಲಕ್ಕೆ ಜಾರಬೇಕು, ಎಲ್ಲಾ ಅವನಿಗೆ ಬಾಯಿಪಾಠ. ಮೂರು ವರ್ಷವೂ ಆ ಬೀದಿ ಉತ್ತಮ ಎಂದೇ ಬರೆಸಿಕೊಂಡಿತು. ಪೆದ್ದ, ಅವನೂ ಒಳಗೊಳಗೇ ಖುಷಿಪಟ್ಟ.

ಎಂಬತ್ತೊಂದರ ಜುಲೈಯಲ್ಲಿ ಹೆಂಡತಿ ಬದರುನ್ನೀಸಾ ಬೀದಿಯ ಆ ತುದಿಯಲ್ಲಿದ್ದ ತನ್ನ ಅಕ್ಕ ಹಲೀಮಾಳಿಗೆ ಗಂಜಿ ತೆಗೆದುಕೊಂಡು ಹೊರಟಿದ್ದಳು. ಹಲೀಮಾ ಹಾಸಿಗೆ ಹಿಡಿದು ವರ್ಷವಾಗಿತ್ತು. ಹೊಂಡದ ತುಂಬ ನೀರು, ಆಳ ಕಾಣಲಿಲ್ಲ. ಕಾಲಿಟ್ಟಳು, ಬಿದ್ದಳು, ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿ, ಎರಡು ಕೋಲು ಹಿಡಿದು ಮನೆಗೆ ಬಂದಳು. ಅಕ್ಕನ ಮನೆ ಇನ್ನೂರು ಹೆಜ್ಜೆ. ಆದರೆ ಹೊಸಿಲು ದಾಟಿ ಆ ಬೀದಿಗೆ ಕೋಲೂರಲು ಧೈರ್ಯ ಬರಲಿಲ್ಲ. ಅಸಾದುಲ್ಲಾ ಒಂದು ಸಲ ಎತ್ತಿನ ಗಾಡಿಯಲ್ಲಿ ಕೂರಿಸಿ ನೋಡಿದ. ಮೂರನೇ ಹೊಂಡಕ್ಕೇ ಅವಳು ಕಿರುಚಿಕೊಂಡಳು. ಗಾಡಿ ವಾಪಸ್ಸು ತಿರುಗಿತು.

"ಹಲೀಮಾ ಆಪಾ ಕಣ್ಮುಚ್ಚೋದ್ರೊಳಗೆ ಒಂದ್ಸಲ ಹತ್ರ ಕೂತು ಮಾತಾಡ್ಬೇಕು. ರಸ್ತೆ ಸಮ ಆದ್ರೆ ಕೋಲೂರ್ಕೊಂಡಾದ್ರೂ ಹೋಗ್ತೀನಿ. ನೀವು ಅದೇ ಆಫೀಸಿನವ್ರಲ್ವಾ?" ಎಂದಳು.

"ಬೇಸಿಗೆಗೆ ಡಾಂಬರು ಹಾಕಿಸ್ತೀನಿ, ನೋಡ್ತಿರು" ಎಂದ ಅಸಾದುಲ್ಲಾ.

ರಸ್ತೆ ಗ್ಯಾಂಗಿನ ಕೂಲಿ ಹೂವಪ್ಪನ ಹತ್ತಿರ ಈ ಮಾತು ಎತ್ತಿದಾಗ ಅವನು ಗುದ್ದಲಿ ಕೆಳಗಿಟ್ಟು ನಕ್ಕುಬಿಟ್ಟ. "ಎಂತ ಸಾಬ್ರೆ! ನಿಮ್ಮ ಬೀದಿ ಮೂರು ವರ್ಷದಿಂದ ಉತ್ತಮ ಅಂತ ಉಂಟಲ್ಲ. ಜೀಪು ಓಡ್ಸಿದ್ದು ನೀವೇ ಅಲ್ವಾ ಮಾರಾಯ್ರೆ?"

ಅಸಾದುಲ್ಲಾ ಅಲ್ಲಿ ನಿಲ್ಲಲಿಲ್ಲ. ಸೀದಾ ಸಾಹೇಬರ ಹತ್ತಿರ ಹೋಗಿ, "ಸಾರ್, ಆ ಬೀದಿ ಪೂರ್ತಿ ಹಾಳಾಗಿದೆ. ನನ್ನ ಹೆಂಡ್ತಿ ಬಿದ್ದದ್ದು ಅಲ್ಲೇ" ಎಂದ.

"ನಾನೇ ಕೂತು ನೋಡಿಲ್ವೇನಯ್ಯಾ? ಒಂದು ಸಲನಾದ್ರೂ ಜೀಪು ಎತ್ತಿ ಹಾಕಿದ್ಯಾ?" ಎಂದರು ಕಲ್ಲೇಶಪ್ಪ.

ಅಸಾದುಲ್ಲಾ ಹೊರಗೆ ಬಂದ. ಈ ಸಲ ರಸ್ತೆಯೇ ಮಾತಾಡಲಿ ಎಂದುಕೊಂಡ. ಡಿಸೆಂಬರ್ ಬಂತು, ಸರ್ವೆ ಬಂತು. ಹಂಚಿನಂಗಡಿ ಬೀದಿಯ ಬಾಯಿಗೆ ಬರುತ್ತಲೇ ಹಲ್ಲು ಕಚ್ಚಿ ಸ್ಟೀರಿಂಗನ್ನು ನೆಟ್ಟಗೆ ಹಿಡಿದ. ಹದಿಮೂರು ವರ್ಷದಲ್ಲಿ ಮೊದಲ ಸಲ ಅವನ ಜೀಪು ಹೊಂಡಕ್ಕೆ ಬಿತ್ತು. ಧಡ್! ಇನ್ನೊಂದು, ಮತ್ತೊಂದು. ಸಾಹೇಬರ ತಲೆ ಮೇಲಿನ ಕಂಬಿಗೆ ಬಡಿಯಿತು, ಪೆನ್ನಿನ ಶಾಯಿ ಬಿಳಿ ಶರ್ಟಿನ ತುಂಬ ಚೆಲ್ಲಿತು.

"ನಿಲ್ಸೋ! ಕುಡ್ದಿದೀಯೇನೋ?"

"ಇಲ್ಲ ಸಾರ್. ಅದು ರಸ್ತೆ ಸಾರ್."

"ಹೋದ ವರ್ಷವೂ ಇದೇ ರಸ್ತೆ ಅಲ್ವಾ? ಆಗ ಹೇಗಿತ್ತು? ನಿನಗೆ ಕಣ್ಣು ಹೋಗಿದೆ."

ಆ ದಿನ ನಡೆದ ಸರ್ವೆ ರಸ್ತೆಯದಲ್ಲ, ಅಸಾದುಲ್ಲಾನದು. ಮರುದಿನವೇ ಅವನನ್ನು ಸ್ಟೀರಿಂಗಿನಿಂದ ಇಳಿಸಿ ಆಫೀಸಿನ ಗೇಟಿಗೆ ಹಾಕಿದರು. ಜೀಪಿಗೆ ನರಸಿಂಹರಾಜಪುರದ ಗಣಪತಿ ಎಂಬವನು ಬಂದ. ಇಷ್ಟಕ್ಕೇ ಮುಗಿದಿದ್ದರೆ ಆಗಿತ್ತು. ಸಾಹೇಬರು ಗೇಟಿನ ಹತ್ತಿರ ಜೀಪು ನಿಲ್ಲಿಸಿ, "ಹಿಂದೆ ಹತ್ತಿಕೋ. ಊರಿನ ಹೊಂಡವೆಲ್ಲ ನಿನಗೆ ಗೊತ್ತಲ್ಲ, ಇವನಿಗೆ ತೋರಿಸಿಕೊಡು" ಎಂದರು. ಅವನು ಹತ್ತಿದ. ಹತ್ತದೆ ಏನು ಮಾಡುತ್ತಾನೆ, ಹೊಟ್ಟೆಪಾಡು! ಹಂಚಿನಂಗಡಿ ಬೀದಿಯಲ್ಲಿ ಇಪ್ಪತ್ತಮೂರನ್ನೂ ಬೆರಳು ಮಾಡಿ ತೋರಿಸಿದ. "ಇಲ್ಲಿ ಎಡಕ್ಕೆ. ಇಲ್ಲಿ ಬಲಕ್ಕೆ. ಇಲ್ಲಿ ಚರಂಡಿ ಅಂಚಿಗೆ." ಬಾಗಿಲಲ್ಲಿ ಕೋಲೂರಿ ನಿಂತಿದ್ದ ಬದರುನ್ನೀಸಾಳ ಮುಂದೆ ಜೀಪು ನಯವಾಗಿ ಹಾದುಹೋಯಿತು. ಆ ಬೀದಿಯನ್ನು ಸರಿಯಾಗಿ ಸರ್ವೆ ಮಾಡಿದವನು ಇಡೀ ಆಫೀಸಿನಲ್ಲಿ ಅವನೊಬ್ಬನೇ. ಆ ಸರ್ವೆ ಬಳಕೆಗೆ ಬಂದದ್ದು ಹೀಗೆ. ಸಾಹೇಬರು ಉತ್ತಮ ಎಂದು ಬರೆದರು. ಅಕ್ಷರ ದುಂಡಗೆ ಬಂದಿತ್ತು.

"ಏನ್ ಬರೆದ್ರು?" ಎಂದು ಅವಳು ಸಂಜೆ ಕೇಳಿದಳು.

"ನೋಡಣ" ಎಂದ. ಸುಳ್ಳು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಹಲೀಮಾ ತೀರಿಕೊಂಡಳು. ಇನ್ನು ಯಾವ ಡಾಂಬರಿಗೆ ಕಾಯುವುದು? ಅಸಾದುಲ್ಲಾ ಹೆಂಡತಿಯನ್ನು ಮರದ ಕುರ್ಚಿಯಲ್ಲಿ ಕೂರಿಸಿದ. ನಾಲ್ಕು ಜನ ನೆರೆಯವರು ಹೊತ್ತರು. ಅವನು ಮುಂದೆ ಹಿಮ್ಮುಖವಾಗಿ ನಡೆಯುತ್ತ, "ಎಡಕ್ಕೆ... ಸ್ವಲ್ಪ ಬಲಕ್ಕೆ... ಇಲ್ಲಿ ಅಂಚಿಗೆ" ಎನ್ನುತ್ತ ಹೋದ. ಹೊತ್ತವರ ಒಂದು ಕಾಲೂ ಹೊಂಡಕ್ಕೆ ಬೀಳಲಿಲ್ಲ, ಕುರ್ಚಿ ಅಲುಗಲಿಲ್ಲ. ಬದರುನ್ನೀಸಾಳ ಸೊಂಟಕ್ಕೆ ಇಷ್ಟೂ ನೋವಾಗಲಿಲ್ಲ.

ಅಕ್ಕನ ಮನೆಯ ಅಂಗಳದಲ್ಲಿ ಕುರ್ಚಿ ಇಳಿಸಿದಾಗ ಅವಳು ಹಿಂತಿರುಗಿ ಬೀದಿಯನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಹೀಗೆ ಕರ್ಕೊಂಡ್ ಬರೋಕೆ ಬರ್ತಿತ್ತು ನಿಮಗೆ," ಎಂದಳು. "ಆರು ತಿಂಗಳು ಆ ಆಫೀಸನ್ನ ಯಾಕೆ ಕಾದ್ರಿ?"

ಅಸಾದುಲ್ಲಾ ಜೊತೆಗೆ ತಂದಿದ್ದ ಎರಡೂ ಕೋಲನ್ನು ಕುರ್ಚಿಗೆ ಒರಗಿಸಿದ. ಒಳಗೆ ಹೆಂಗಸರು ಅಳುತ್ತಿದ್ದರು. ಅವಳು ಕೋಲು ಎತ್ತಿಕೊಂಡು ಒಬ್ಬಳೇ ಒಳಗೆ ಹೋದಳು.