ಬಾಟ್ಲಿ ಅಕ್ಕ ತಂದ ಅಮೃತಬಳ್ಳಿ ರಸ

ನಮ್ಮ ಬಾಟ್ಲಿ ಅಕ್ಕ ಇದಾಳಲ್ಲ, ಕಾಲೇಜಿನ ಲ್ಯಾಬಲ್ಲಿ ಗಾಜಿನ ಸಾಮಾನು ತೊಳೀತಿದ್ದೋಳು, ಅವಳ ಕೈಗೆ ಸಿಕ್ಕಿದ್ದೆಲ್ಲ ಫಳಫಳ ಅನ್ಬೇಕು. ಮನೇಲೂ ಅಷ್ಟೇ, ನೀರು ಕುಡಿದು ಲೋಟ ಕೆಳಗಿಡೋಕೆ ಬಿಡಲ್ಲ, ಕಿತ್ಕೊಂಡು ಹೋಗಿ ತೊಳೆದುಬಿಡ್ತಾಳೆ. ಗಂಡ ಟೈಲರು. ಪುಣ್ಯಾತ್ಮ, ಸಕ್ಕರೆ ಕಾಯಿಲೆ ಇಟ್ಕೊಂಡು ಸಿಹಿ ಕದ್ದು ತಿನ್ನೋನು. ಅದಿರ್ಲಿ, ಎಲ್ಲಿದ್ದೆ? ಹಾಂ, ಲ್ಯಾಬು.

ಅಲ್ಲಿ ಅಮೃತಬಳ್ಳಿ ಪರೀಕ್ಷೆ ನಡೀತಿತ್ತು. ಸಂಶೋಧನೆ ಮಾಡೋ ಹುಡುಗಿ ಕಡುನೇರಳೆ ನೀರಿಗೆ ಬಳ್ಳಿ ರಸ ಬಿಟ್ರೆ, ನೋಡ್ತಾ ನೋಡ್ತಾ ಹಳದಿ ಆಗೋಯ್ತಂತೆ. "ನೋಡಕ್ಕಾ, ಮೈಯೊಳಗೆ ತುಕ್ಕು ಹಿಡಿಯೋದನ್ನ ತಡೆಯೋ ಶಕ್ತಿ ಇದು. ಇಲಿಗಳಿಗೆ ಸಕ್ಕರೇನೂ ಇಳೀತು" ಅಂದ್ಲು. ಇವಳಿಗೆ ಅಷ್ಟೇ ಸಾಕಾಯ್ತು. ತೊಳೆಯೋಕೆ ಬಂದ ಬಾಟ್ಲಿ ತಳದಲ್ಲಿ ಮಿಕ್ಕಿದ್ದ ಬಳ್ಳಿ ರಸಾನ ಚೆಲ್ಲೋಕೆ ಮನಸ್ಸು ಬರದೆ, ಸಣ್ಣ ಶೀಶೆಗೆ ಬಗ್ಗಿಸ್ಕೊಂಡು ಬಂದು, ಬೆಳಿಗ್ಗೆ ಗಂಡನ ಮೂಗು ಹಿಡಿದು ಒಂದು ಮುಚ್ಚಳ ಕುಡಿಸಿದ್ಲು.

ಕೆಲಸಕ್ಕೆ ಹೋಗಿ ಬೀಗ್ತಾ ಹೇಳಿದ್ರೆ ಹುಡುಗಿ ಮುಖ ಬಿಳಿಚಿಕೊಂಡ್ತು.

"ಅಯ್ಯೋ ಅಕ್ಕಾ! ಅದು ನೀರಲ್ಲಿ ಕುದಿಸಿದ್ದಲ್ಲ, ಮೆಥನಾಲಲ್ಲಿ ನೆನೆಸಿ ತೆಗೆದಿದ್ದು. ವಿಷ! ಕಣ್ಣೇ ಹೋಗುತ್ತೆ!"

ಟೈಲರಿಗೆ ಕಣ್ಣು ಹೋದ್ರೆ ಇನ್ನೇನು ಉಳೀತು? ಚಪ್ಪಲಿನೂ ಮೆಟ್ಟದೆ ಓಡಿದ್ಲು. ಅವನು ಅಂಗಡೀಲಿ ಅಂಗಿ ಗುಂಡಿಗೆ ಕಾಜಾ ಹೊಲೀತಾ ಕೂತಿದ್ದ.

"ಇದೆಷ್ಟು?" ಬೆರಳು ತೋರಿಸಿದ್ಲು.

"ಎರಡು. ಏನೇ, ಈ ವಯಸ್ಸಲ್ಲಿ ಲೆಕ್ಕ ಕಲಿಸ್ತೀಯಾ?"

"ಬಾಯ್ಮುಚ್ಕೊಂಡು ಆಟೋ ಹತ್ರೀ!"

ಆಸ್ಪತ್ರೇಲಿ ಡಾಕ್ಟ್ರು "ಏನಮ್ಮಾ ಕುಡಿಸ್ದೆ?" ಅಂದಾಗ ಅವಳ ಕೈ ಬೆಳಿಗ್ಗೆಯಿಂದ ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದ ಶೀಶೆ ಮೇಲೆ ಹೋಯ್ತು. ಲ್ಯಾಬಿಂದ ತಂದೆ ಅಂದ್ರೆ ಕೆಲಸ ಹೋಗುತ್ತೆ. ಆದ್ರೂ ಅಂದೇಬಿಟ್ಲು, ಶೀಶೆನೂ ಮುಂದಿಟ್ಲು. ಕೆಲಸ ಹೋಯ್ತು ಅನ್ನು, ಆ ಮಾತು ಬೇರೆ.

"ಹೇಳಿದ್ದು ಒಳ್ಳೇದಾಯ್ತು. ಈಗ ಕಾಣ್ತಿದೆ ಅಂತ ನಂಬೋ ಹಾಗಿಲ್ಲ, ನಾಳೆವರೆಗೂ ನೋಡ್ಬೇಕು" ಅಂತ ಡಾಕ್ಟ್ರು ನರಕ್ಕೆ ಔಷಧಿ ಏರಿಸಿದ್ರು.

ಇವಳು ಮಂಚದ ಪಕ್ಕ ಕೂತು ಗಳಿಗೆಗೊಂದ್ಸಲ, "ಏನ್ರೀ ಕಾಣುತ್ತೆ?"

"ನಿನ್ನ ಮೂತಿ. ಅದೊಂದು ಮಸುಕಾದ್ರೂ ಪರವಾಗಿಲ್ಲ."

ನಗು ಬರ್ಲಿಲ್ಲ ಅವಳಿಗೆ. ಹಾಗಂದ ಅವನ ಕೈಯೂ ತಣ್ಣಗಿತ್ತು.

ಬೆಳಕು ಹರೀತು. ಅವನ ಅಂಗಿ ಕಾಲರಲ್ಲಿ ಯಾವಾಗ್ಲೂ ಚುಚ್ಚಿರೋ ಸೂಜಿ ತೆಗೆದು, ಸೆರಗಿನ ಅಂಚಿಂದ ಎಳೆ ಎಳೆದು ಕೈಗಿಟ್ಲು. "ಪೋಣಿಸಿ."

ಮೊದಲ ಸಲ ತಪ್ತು. ಅವನು ಎಳೆನ ತುಟೀಲಿ ಒದ್ದೆ ಮಾಡಿ, ಹೊಸೆದು, ಮತ್ತೆ ಹಿಡಿದ. ಸೂಜಿ ಕಣ್ಣಲ್ಲಿ ದಾರ ಸರಕ್ಕನೆ ದಾಟ್ತು.

"ನಡುಗಿದ್ದು ಕೈ ಕಣೇ, ಕಣ್ಣಲ್ಲ" ಅಂದ.

ಆಮೇಲೆ ಗಟಗಟ ನೀರು ಕುಡಿದು ಲೋಟ ಕೆಳಗಿಟ್ಟ. ಅವಳು ತೊಳೆಯೋಕೆ ಏಳಲೇ ಇಲ್ಲ.